ಎರಡು ಸಲ ಕುಸಿದ ಬೋವೆ ಕಥೀಡ್ರಲ್: ಕಲ್ಲು, ಗಾರೆ ಮತ್ತು ಪಕ್ಕದೊತ್ತು

ತೆರೆಯ ಮೇಲಿರುವ ನಕ್ಷೆಯನ್ನು ಮೊದಲು ನಿಧಾನವಾಗಿ ನೋಡಿ. ಇದು ಫ್ರಾನ್ಸಿನ ಬೋವೆ ಪಟ್ಟಣದ ಸಂತ ಪೀಟರರ ಕಥೀಡ್ರಲ್. ಪ್ಯಾರಿಸ್‌ನಿಂದ ಉತ್ತರಕ್ಕೆ ಸುಮಾರು 75 ಕಿಲೋಮೀಟರ್ ದೂರ. ಗೋಥಿಕ್ ಕಥೀಡ್ರಲ್ ಎಂದರೆ ನೆಲನಕ್ಷೆ ಶಿಲುಬೆಯ ಆಕಾರದಲ್ಲಿರುತ್ತದೆ ಎಂದು ನಿಮಗೆಲ್ಲ ಗೊತ್ತು. ಇಲ್ಲಿ ಶಿಲುಬೆಯ ತಲೆಯಿದೆ, ಎರಡು ತೋಳುಗಳಿವೆ, ಕಾಲೇ ಇಲ್ಲ. ಪೂರ್ವದ ತಲೆಯ ಭಾಗ, ಅಂದರೆ ಪಾದ್ರಿಗಳು ಕೂತು ಪ್ರಾರ್ಥನೆ ಹಾಡುವ ಕ್ವೈರ್, 13ನೇ ಶತಮಾನದ್ದು. ತೋಳುಗಳು 16ನೇ ಶತಮಾನದವು. ಜನಸಾಮಾನ್ಯರು ನಿಲ್ಲುವ ಉದ್ದನೆಯ ನೇವ್ ಮಾತ್ರ ಏಳಲೇ ಇಲ್ಲ. ಅದು ಇರಬೇಕಾಗಿದ್ದ ಜಾಗದಲ್ಲಿ 10ನೇ ಶತಮಾನದ ಗಿಡ್ಡ ಚರ್ಚೊಂದರ ಮೂರು ಅಂಕಣಗಳು ಇವತ್ತಿಗೂ ನಿಂತಿವೆ. ಹೊಸ ಕಟ್ಟಡ ಮುಂದುವರಿದಿದ್ದರೆ ಆ ಹಳೆಯದನ್ನು ಎಂದೋ ಕೆಡವಿಬಿಡುತ್ತಿದ್ದರು. ಒಂದರ ಸೋಲಿನಿಂದ ಇನ್ನೊಂದು ಉಳಿಯಿತು.

ಗೋಥಿಕ್ ವಾಸ್ತುಶಿಲ್ಪದ ಉಪನ್ಯಾಸಗಳು ಸಾಮಾನ್ಯವಾಗಿ ಬಣ್ಣದ ಗಾಜಿನಿಂದ, ಬೆಳಕಿನ ದೈವಿಕತೆಯಿಂದ ಶುರುವಾಗುತ್ತವೆ. ಇವತ್ತು ಗಾಜಿನ ಮಾತು ಬೇಡ. ಕಟ್ಟಡ ಯಾಕೆ ನಿಲ್ಲುತ್ತದೆ ಎನ್ನುವುದು ಬಿದ್ದ ಕಟ್ಟಡದಿಂದ ತಿಳಿಯುವಷ್ಟು ನಿಂತದ್ದರಿಂದ ತಿಳಿಯುವುದಿಲ್ಲ. ಬೋವೆ ಎರಡು ಸಲ ಕುಸಿದಿದೆ: 1284ರಲ್ಲಿ ಕ್ವೈರ್‌ನ ಚಾವಣಿ, 1573ರಲ್ಲಿ ನಡುಗೋಪುರ. ಪ್ರವಾಸಿ ಕೈಪಿಡಿಗಳಲ್ಲಿ ಎರಡಕ್ಕೂ ಒಂದೇ ಕಾರಣ ಬರೆದಿರುತ್ತದೆ: ಅತಿಯಾಸೆ, ಅತಿ ಎತ್ತರ. ನೀತಿಕಥೆಗೆ ಇದು ಚೆನ್ನಾಗಿ ಒಗ್ಗುತ್ತದೆ, ಕಟ್ಟಡಕ್ಕೆ ಒಗ್ಗುವುದಿಲ್ಲ. ಎರಡು ಸಲವೂ ಕೈಕೊಟ್ಟದ್ದು ಪಕ್ಕದ ಆಸರೆ.

ಎತ್ತರದ ಲೆಕ್ಕ ಮೊದಲು ಮುಗಿಸೋಣ. ಒಳಗಿನ ನೆಲದಿಂದ ಕಮಾನು ಚಾವಣಿಯ ನೆತ್ತಿಗೆ ಪ್ಯಾರಿಸ್‌ನ ನೋತ್ರ್ ದಾಮ್‌ನಲ್ಲಿ ಸುಮಾರು 33 ಮೀಟರ್, ಶಾರ್ತ್ರ್‌ನಲ್ಲಿ 37ರ ಆಸುಪಾಸು, ರೀಮ್ಸ್‌ನಲ್ಲಿ 38, ಅಮಿಯಾಂನಲ್ಲಿ 42. ಬೋವೆಯಲ್ಲಿ 48. ಗೋಥಿಕ್ ಕಮಾನು ಚಾವಣಿಗಳಲ್ಲಿ ಇದಕ್ಕಿಂತ ಎತ್ತರದ್ದಿಲ್ಲ. ಒಂದು ಘನ ಮೀಟರ್ ಕಲ್ಲುಕಟ್ಟಡದ ತೂಕ ಸುಮಾರು 2 ಟನ್. 48 ಮೀಟರ್ ಎತ್ತರದ ನೇರ ಗೋಡೆಯ ತಳದಲ್ಲಿ ಒಂದು ಚದರ ಮಿಲಿಮೀಟರಿಗೆ ಬೀಳುವ ಒತ್ತಡ ಹೆಚ್ಚುಕಡಿಮೆ 1 ನ್ಯೂಟನ್. ಸಾಧಾರಣ ಕಟ್ಟಡದ ಕಲ್ಲು ಪುಡಿಯಾಗಲು ಚದರ ಮಿಲಿಮೀಟರಿಗೆ 40 ನ್ಯೂಟನ್ ಆದರೂ ಬೇಕು. ಕೇಂಬ್ರಿಜ್‌ನ ಎಂಜಿನಿಯರ್ ಜಾಕ್ ಹೇಮನ್ ಈ ಲೆಕ್ಕವನ್ನು ಹೀಗೆ ಮುಂದಿಡುತ್ತಿದ್ದರು: ಸ್ವಂತ ತೂಕಕ್ಕೆ ತಳದ ಕಲ್ಲು ಪುಡಿಯಾಗಬೇಕಾದರೆ ಕಂಬ 2 ಕಿಲೋಮೀಟರ್ ಎತ್ತರ ಇರಬೇಕು. ಹಾಗಾಗಿ ಭಾರ ತಾಳದೆ ಕಲ್ಲು ಪುಡಿಯಾಯಿತು ಎನ್ನುವ ವಿವರಣೆಯನ್ನು ಇಲ್ಲೇ ಬಿಟ್ಟುಬಿಡಬಹುದು.

ತೊಂದರೆ ಇರುವುದು ಭಾರ ಯಾವ ದಿಕ್ಕಿಗೆ ಹೋಗುತ್ತದೆ ಎನ್ನುವುದರಲ್ಲಿ. ಅದೇ 13ನೇ ಶತಮಾನದಲ್ಲಿ ನಮ್ಮ ಹೊಯ್ಸಳರು ಕಟ್ಟುತ್ತಿದ್ದ ಗುಡಿಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಭಾರ ನೆಟ್ಟಗೆ ಕೆಳಗಿಳಿಯುತ್ತದೆ. ಕಮಾನು ಹಾಗಲ್ಲ, ಕೆಳಗೂ ಒತ್ತುತ್ತದೆ, ಹೊರಕ್ಕೂ ಒತ್ತುತ್ತದೆ. ನುಣುಪು ನೆಲದ ಮೇಲೆ ಗೋಡೆಗೆ ಒರಗಿಸಿದ ಏಣಿಯ ಬುಡ ಹೊರಕ್ಕೆ ಜಾರುವುದಿಲ್ಲವೇ, ಅದೇ ಒತ್ತು. ಏಣಿ ಎಷ್ಟು ಕಡಿದಾಗಿ ನಿಂತಿರುತ್ತದೋ ಜಾರುವುದು ಅಷ್ಟು ಕಡಿಮೆ. ಗೋಥಿಕ್‌ನ ಮೊನೆಗಮಾನಿನ ಗುಟ್ಟೂ ಇದೇ. 15 ಮೀಟರ್ ಅಗಲದ ಅರ್ಧವೃತ್ತದ ಕಮಾನಿನ ಏರು ಏಳೂವರೆ ಮೀಟರ್. ಅದರ ಮೇಲೆ ಒಟ್ಟು 100 ಟನ್ ಸಮನಾಗಿ ಹರಡಿದ್ದರೆ, ಒರಟು ಲೆಕ್ಕದಲ್ಲಿ ಪಕ್ಕದೊತ್ತು 25 ಟನ್. ಅಗಲ ಅಷ್ಟೇ ಇಟ್ಟುಕೊಂಡು ಮೊನೆ ತೆಗೆದು ಏರನ್ನು 10 ಮೀಟರಿಗೆ ಒಯ್ದರೆ ಒತ್ತು 19 ಟನ್ನಿಗೆ ಇಳಿಯುತ್ತದೆ. ಕಾಲು ಭಾಗ ಉಳಿತಾಯ. ಅರ್ಧವೃತ್ತದಲ್ಲಿ ಅಗಲ ಇಷ್ಟು ಎಂದ ಮೇಲೆ ಎತ್ತರವೂ ಇಷ್ಟೇ. ಮೊನೆಗಮಾನಿಗೆ ಆ ಕಟ್ಟುಪಾಡಿಲ್ಲ. ಅಗಲದ ಅಂಕಣ, ಕಿರಿದಾದ ಅಂಕಣ ಎರಡರ ನೆತ್ತಿಯನ್ನೂ ಒಂದೇ ಮಟ್ಟಕ್ಕೆ ತರಬಹುದು.

ಈ ಲೆಕ್ಕದಲ್ಲಿ ನೆಲದಿಂದ ಚಾವಣಿ ಎಷ್ಟು ಎತ್ತರದಲ್ಲಿದೆ ಎನ್ನುವ ಅಂಕಿಯೇ ಇಲ್ಲ ಎಂಬುದನ್ನು ಗಮನಿಸಿ. 30 ಮೀಟರ್ ಮೇಲಿದ್ದರೂ 48 ಮೀಟರ್ ಮೇಲಿದ್ದರೂ ಕಮಾನಿನ ಪಕ್ಕದೊತ್ತು ಒಂದೇ. ಎತ್ತರದಿಂದ ಬದಲಾಗುವುದು ಎರಡು ಸಂಗತಿ: ಆ ಒತ್ತನ್ನು ಹಿಡಿದು ನೆಲಕ್ಕೆ ಇಳಿಸುವ ದಾರಿ ಉದ್ದವಾಗುತ್ತದೆ, ಮತ್ತು ಗಾಳಿಯ ಹೊಡೆತ ಜೋರಾಗುತ್ತದೆ.

ಆ ದಾರಿಯೇ ಫ್ಲೈಯಿಂಗ್ ಬಟ್ರೆಸ್. ಕಿಟಕಿಗಳಿಗಾಗಿ ಗೋಡೆಯನ್ನೆಲ್ಲ ತೆಗೆದು ಬರೀ ಕಂಬ ಉಳಿಸಿಕೊಂಡ ಮೇಲೆ, ಪಕ್ಕದೊತ್ತನ್ನು ಹೊರಗಡೆ ದೂರದಲ್ಲಿ ನಿಂತ ದಪ್ಪ ಕಲ್ಲುಗಂಬಕ್ಕೆ ದಾಟಿಸುವ ಅರೆಗಮಾನು ಅದು. ಸಾಮಾನ್ಯವಾಗಿ ಎರಡು ಅಂತಸ್ತು ಇರುತ್ತದೆ. ಕೆಳಗಿನದು ಚಾವಣಿಯ ಒತ್ತನ್ನು ಹಿಡಿಯುತ್ತದೆ, ಮೇಲಿನದು ಗಾಳಿಗೆ ಸಿಕ್ಕ ಮರದ ಮಾಡಿನ ಒತ್ತನ್ನು. ಯಾವ ಮಟ್ಟದಲ್ಲಿ ಗೋಡೆಗೆ ತಾಗುತ್ತದೆ ಎನ್ನುವುದು ಇದರಲ್ಲಿ ಮುಖ್ಯ. ಅಮಿಯಾಂನ ಕ್ವೈರ್‌ನಲ್ಲಿ ಅರೆಗಮಾನುಗಳನ್ನು ಜಾಲರಿಯಂತೆ ಕೊರೆದು ಹಗುರ ಮಾಡಿದರು, ಅವು ತಾಗಿದ್ದೂ ಬೇಕಾದ ಮಟ್ಟಕ್ಕಿಂತ ಮೇಲೆ. ಮುಂದೆ ಕಂಬಗಳು ಹೊರಕ್ಕೆ ಬಾಗಿದಾಗ ಅವುಗಳ ಕೆಳಗೆ ಇನ್ನೊಂದು ಸಾಲು ಅರೆಗಮಾನು ಕಟ್ಟಿ, 1497ರಲ್ಲಿ ಗೋಡೆಯ ನಡು ಎತ್ತರದಲ್ಲಿರುವ ಓಣಿಯ ಮಟ್ಟದಲ್ಲಿ ಕಬ್ಬಿಣದ ಪಟ್ಟಿ ಬಿಗಿಯಬೇಕಾಯಿತು. ಪಟ್ಟಿ ಈಗಲೂ ಅಲ್ಲೇ ಇದೆ.

ಕಟ್ಟುವ ಕ್ರಮವನ್ನೂ ಹೇಳಿಬಿಡುತ್ತೇನೆ, ಮುಂದಿನ ಮಾತಿಗೆ ಬೇಕು. ಪೂಜೆ ಬೇಗ ಶುರುವಾಗಲಿ ಎಂದು ಸಾಮಾನ್ಯವಾಗಿ ಪೂರ್ವದ ತುದಿಯಿಂದ ಹಿಡಿಯುತ್ತಿದ್ದರು. ಬಡಗಿ ಮರದ ಹಲಗೆಯಲ್ಲಿ ಕಲ್ಲಿನ ಅಡ್ಡಕೊಯ್ತದ ಅಚ್ಚು ತಯಾರಿಸಿ ಕೊಡುತ್ತಾನೆ. ಕಲ್ಲುಕುಟಿಗ ಅದನ್ನಿಟ್ಟು ಗೀಟು ಹಾಕಿ ಕೆತ್ತುತ್ತಾನೆ. ಸುಣ್ಣದ ಗಾರೆಗೆ ಹಿಮ ಆಗಿಬರುವುದಿಲ್ಲ. ಆದ್ದರಿಂದ ಚಳಿಗಾಲ ಬಂದೊಡನೆ ಕಟ್ಟಿದ ಗೋಡೆಯ ತಲೆಗೆ ಹುಲ್ಲು, ಸಗಣಿ ಹೊದಿಸಿ ಕೆಲಸ ನಿಲ್ಲಿಸುತ್ತಿದ್ದರು. ಗೋಡೆ ಪೂರ್ತಿ ಎದ್ದ ಮೇಲೆ ಮೊದಲು ಏರುವುದು ಮರದ ಮಾಡು, ಕಲ್ಲಿನ ಚಾವಣಿ ಆಮೇಲೆ. ಬಹಳ ಮಂದಿ ಇದನ್ನು ತಿರುಗಾಮುರುಗಾ ಎಣಿಸುತ್ತಾರೆ. ಮಾಡು ಮೊದಲು ಬಂದರೆ ಕೆಳಗಿನ ಗಾರೆಗೆ ಮಳೆಯ ಕಾಟವಿಲ್ಲ, ಕಲ್ಲೆತ್ತುವ ಚಕ್ರವನ್ನೂ ಮಾಡಿನ ತೊಲೆಗಳ ಮೇಲೆ ಕೂರಿಸಬಹುದು. ಆಳುಗಳು ಒಳಗೆ ನಿಂತು ನಡೆದು ತಿರುಗಿಸುವ ಆಳೆತ್ತರಕ್ಕೂ ಮಿಗಿಲಾದ ಚಕ್ರ ಅದು.

ಚಾವಣಿ ಹಾಕುವಾಗ ಕಮಾನು ಹೊರಡುವ ಬುಡದ ಕೆಲವು ವರಸೆಗಳನ್ನು ಮಟ್ಟಸವಾಗಿಯೇ ಇಟ್ಟು, ಒಂದಕ್ಕಿಂತ ಒಂದು ಮುಂದಕ್ಕೆ ಚಾಚುವಂತೆ ಗೋಡೆಯೊಳಗೆ ಹೂಡುತ್ತಾರೆ. ಅಷ್ಟು ದೂರ ಸೆಂಟ್ರಿಂಗ್ ಬೇಕಿಲ್ಲ. ಅಲ್ಲಿಂದ ಮೇಲಕ್ಕೆ ಮರದ ಸೆಂಟ್ರಿಂಗ್ ಕಟ್ಟಿ ಕರ್ಣರೇಖೆಯ ಪಕ್ಕೆಗಮಾನುಗಳನ್ನು ಎರಡೂ ಕಡೆಯಿಂದ ಏರಿಸಿಕೊಂಡು ಬಂದು ನಡುಗಲ್ಲು ಕೂರಿಸುತ್ತಾರೆ. ಪಕ್ಕೆಗಳ ನಡುವಿನ ಜಾಗಕ್ಕೆ ತೆಳುವಾದ ಕಲ್ಲುಗಳ ಹೊದಿಕೆ. ಗಾರೆ ಸ್ವಲ್ಪ ಬಿಗಿಯುವತನಕ ಕಾದು ಸೆಂಟ್ರಿಂಗನ್ನು ಒಂದೇ ಸಮ ಸಡಿಲಿಸಬೇಕು. ಒಂದು ಪಕ್ಕ ಮೊದಲು ಬಿಟ್ಟರೆ ಕಮಾನು ಸೊಟ್ಟಗಾಗುತ್ತದೆ. ಬಿಟ್ಟ ಕೂಡಲೇ ಚಾವಣಿ ತುಸು ತಗ್ಗಿ, ಕಂಬಗಳು ತುಸು ಹೊರಕ್ಕೆ ಸರಿದು, ಅಲ್ಲಲ್ಲಿ ಕೂದಲೆಳೆಯ ಬಿರುಕು ಮೂಡುತ್ತದೆ. ಗಾಬರಿಪಡುವಂಥದ್ದೇನಲ್ಲ. ಕಲ್ಲುಕಟ್ಟಡ ತನ್ನ ಜಾಗ ಹುಡುಕಿಕೊಳ್ಳುವ ರೀತಿ ಅದು. ಭಾರ ಹರಿಯುವ ಗೆರೆ ಕಲ್ಲಿನ ದಪ್ಪದೊಳಗೇ ಇರುವವರೆಗೆ ಬಿರುಕಿದ್ದರೂ ಕಟ್ಟಡ ನಿಲ್ಲುತ್ತದೆ. ಗೆರೆ ಕಲ್ಲಿನ ಹೊರಗೆ ಹೋದರೆ ಎಷ್ಟು ಗಟ್ಟಿ ಕಲ್ಲಿದ್ದರೂ ನಿಲ್ಲುವುದಿಲ್ಲ.

ಈಗ ಬೋವೆಗೆ ಬರೋಣ. 1225ರ ಬೆಂಕಿಯಲ್ಲಿ ಹಳೆಯ ಕಥೀಡ್ರಲ್ ಹಾಳಾಯಿತು. ಬಿಷಪ್ ಮಿಲೋನ್ ದ ನಾಂತೈ ಹತ್ತು ವರ್ಷ ತಮ್ಮ ವರಮಾನದ ಹತ್ತನೇ ಒಂದು ಪಾಲನ್ನು ಕಟ್ಟಡಕ್ಕೆ ಕೊಡುವುದಾಗಿ ಮುಂದಾದರು. ಬೋವೆಯ ಬಿಷಪ್ ಬರೀ ಧರ್ಮಗುರುವಲ್ಲ, ಆ ಸೀಮೆಯ ಕೌಂಟ್ ಕೂಡ. ಉಣ್ಣೆ ಬಟ್ಟೆಯ ವ್ಯಾಪಾರದಿಂದ ಊರೂ ಉಳ್ಳದ್ದೇ. ಆದರೆ 1230ರ ದಶಕದಲ್ಲಿ ಊರಿನಲ್ಲಿ ದಂಗೆಯೆದ್ದು, ರಾಜನಿಗೂ ಬಿಷಪ್ಪರಿಗೂ ಜಗಳ ಹತ್ತಿ, ಕೆಲಸ ನಿಂತು ನಿಂತು ಸಾಗಿತು. 1234ರಲ್ಲಿ ಮಿಲೋನ್ ತೀರಿಕೊಂಡರು. ಬಿಷಪ್ಪರು ಬದಲಾದಂತೆ ಮೇಸ್ತ್ರಿಗಳೂ ಬದಲಾದರು, ಮೇಸ್ತ್ರಿಗಳ ಜೊತೆ ಯೋಜನೆಯೂ ಬದಲಾಯಿತು. ಕಲ್ಲಿನ ಕೆತ್ತನೆಯ ಶೈಲಿ ಎಲ್ಲಿ ಬದಲಾಗುತ್ತದೆ ಎಂದು ಹಿಡಿದು ನೋಡಿದರೆ ಕೆಲಸ ಹಂತ ಹಂತವಾಗಿ ನಡೆದದ್ದು ಗೊತ್ತಾಗುತ್ತದೆ. ಮೇಲಿನ ಹಂತ ಬಿಷಪ್ ಗಿಯೋಮ್ ದ ಗ್ರೆ ಕಾಲದ್ದು. 1272ರಲ್ಲಿ ಕ್ವೈರ್ ಮುಗಿದು ಪೂಜೆ ಶುರುವಾಯಿತು.

ಕಮಾನುಗಳ ಅಂಕಣಗಳನ್ನು ನೋಡಿ. ನೇರ ಭಾಗದಲ್ಲಿ ಪ್ರತಿ ಬದಿಗೆ ಮೂರೇ ಅಂಕಣ, ಅವೂ ಅಮಿಯಾಂಗಿಂತ ಅಗಲ, ಮತ್ತು ಮೂರರ ಅಗಲ ಒಂದೇ ಸಮನಿಲ್ಲ. ಪೂರ್ವದ ತುದಿಯಲ್ಲಿ ಅರ್ಧಸುತ್ತು ಹೊಡೆಯುವ ಭಾಗದಲ್ಲಾದರೋ ಕಂಬಗಳು ಒತ್ತೊತ್ತಾಗಿವೆ. ಅದರ ಹಿಂದೆ ಪ್ರದಕ್ಷಿಣಾಪಥ, ಅದಕ್ಕೆ ಹೊಂದಿ ಏಳು ಗುಡಿಗಳು.

1284ರ ನವೆಂಬರ್ 29ರ ರಾತ್ರಿ ಕ್ವೈರ್‌ನ ದೊಡ್ಡ ಚಾವಣಿ ಕುಸಿಯಿತು. ಹೊರಗಿನ ಕೆಲವು ಕಂಬಗಳು ಮುರಿದವು, ಎತ್ತರದ ಕಿಟಕಿಗಳು ಒಡೆದವು. ಕಟ್ಟಿ ಮುಗಿದು ಹನ್ನೆರಡೇ ವರ್ಷವಾಗಿತ್ತು.

ಬಿದ್ದದ್ದು ನೇರ ಭಾಗ. ಅಷ್ಟೇ ಎತ್ತರದಲ್ಲಿದ್ದ ಅರ್ಧಸುತ್ತಿನ ಭಾಗ ಬೀಳಲಿಲ್ಲ. ಇವತ್ತು ಅಲ್ಲಿ ಕಾಣುವುದು 13ನೇ ಶತಮಾನದ ಮೂಲ ರೂಪವೇ. ಎತ್ತರವೇ ಕಾರಣವಾಗಿದ್ದರೆ ಎರಡೂ ಬೀಳಬೇಕಿತ್ತು. ಒತ್ತಾದ ಕಂಬ, ಪ್ರತಿ ಕಂಬಕ್ಕೂ ಕಡಿಮೆ ಒತ್ತು, ಸುತ್ತಲೂ ಕಿರಣಗಳಂತೆ ಹರಡಿದ ಆಸರೆ ಇದ್ದ ಕಡೆ 48 ಮೀಟರ್ ಎತ್ತರವನ್ನು ಕಲ್ಲು ತಾಳಿಕೊಂಡಿತು. ಇದಕ್ಕಿಂತ ನೇರವಾದ ಸಾಕ್ಷಿ ಬೇರೆ ಬೇಕಿಲ್ಲ.

ಹನ್ನೆರಡು ವರ್ಷ ನಿಂತದ್ದು ಆಮೇಲೆ ಯಾಕೆ ಬಿತ್ತು ಎನ್ನುವುದಕ್ಕೆ ಮುಖ್ಯವಾಗಿ ಎರಡು ವಿವರಣೆಗಳಿವೆ. ಮೊದಲನೆಯದು 19ನೇ ಶತಮಾನದ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಅವರದು. ಹೇಮನ್ ಕೂಡ ಹೆಚ್ಚುಕಡಿಮೆ ಇದನ್ನೇ ಒಪ್ಪಿದರು. ಮೇಲ್ಗೋಡೆಯ ಹೊರಮೈಯಲ್ಲಿ, ಮುಖ್ಯ ಕಂಬಕ್ಕೆ ಆತುಕೊಂಡಂತೆ ಜೋಡಿ ಸಣಕಲು ಕಂಬಗಳಿದ್ದವು. ಮುಖ್ಯ ಕಂಬ ವರಸೆ ವರಸೆಯಾಗಿ ಗಾರೆ ಹಾಕಿ ಕಟ್ಟಿದ್ದು, ಸಣಕಲು ಕಂಬ ಉದ್ದುದ್ದದ ಇಡೀ ಕಲ್ಲು. ಸುಣ್ಣದ ಗಾರೆ ಗಟ್ಟಿಯಾಗುವುದು ಗಾಳಿ ತಾಗಿದಷ್ಟೂ. ದಪ್ಪ ಕಟ್ಟಡದ ಒಳಗಿನದು ಪೂರ್ತಿ ಬಲಿಯಲು ವರ್ಷಗಟ್ಟಲೆ ಹಿಡಿಯುತ್ತದೆ. ಅಲ್ಲಿಯತನಕ ಅದು ಭಾರಕ್ಕೆ ಸ್ವಲ್ಪ ಸ್ವಲ್ಪವೇ ಕುಗ್ಗುತ್ತಿರುತ್ತದೆ. ಒಂದು ಸಂದಿಗೆ ಅರ್ಧ ಮಿಲಿಮೀಟರ್ ಎಂದುಕೊಂಡರೂ ನೂರು ಸಂದಿಗೆ 5 ಸೆಂಟಿಮೀಟರ್. ಗಾರೆಯ ಕಂಬ ಹೀಗೆ ತಗ್ಗಿತು, ಪಕ್ಕದ ಇಡೀ ಕಲ್ಲು ತಗ್ಗಲಿಲ್ಲ. ದಪ್ಪ ಕಂಬದ ಮೇಲಿದ್ದ ಭಾರವೆಲ್ಲ ಸಣಕಲಿನ ಮೇಲೆ ಹೋಯಿತು, ಅದು ಮುರಿಯಿತು. ಅದರ ಮೇಲಿನ ಕಲ್ಲು ಬಿರಿದು, ಫ್ಲೈಯಿಂಗ್ ಬಟ್ರೆಸ್ ಆನಿಕೊಂಡಿದ್ದ ಭಾಗ ವಾಲಿತು. ಎದುರೊತ್ತು ತಪ್ಪಿದ ಮೇಲೆ ಚಾವಣಿ ಬೀಳಲು ಹೆಚ್ಚು ಹೊತ್ತು ಬೇಡ.

ಎರಡನೆಯದು ಪ್ರಿನ್ಸ್‌ಟನ್‌ನ ರಾಬರ್ಟ್ ಮಾರ್ಕ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಮುಂದಿಟ್ಟದ್ದು. ಕಟ್ಟಡದ ಅಡ್ಡಕೊಯ್ತವನ್ನು ಪಾರದರ್ಶಕ ಪ್ಲಾಸ್ಟಿಕ್‌ನಲ್ಲಿ ಕತ್ತರಿಸಿ, ಕಾಯಿಸಿ, ಲೆಕ್ಕಕ್ಕೆ ತಕ್ಕ ತೂಕಗಳನ್ನು ನೇತುಹಾಕಿ, ಹಾಗೇ ತಣಿಸುತ್ತಾರೆ. ಆಮೇಲೆ ಧ್ರುವೀಕೃತ ಬೆಳಕಿನಲ್ಲಿ ಹಿಡಿದರೆ ಒತ್ತಡ ಇರುವ ಕಡೆಯಲ್ಲೆಲ್ಲ ಪಟ್ಟೆಗಳು ಕಾಣುತ್ತವೆ. ಬೋವೆಯ ಫ್ಲೈಯಿಂಗ್ ಬಟ್ರೆಸ್ ಒಂದೇ ನೆಗೆತದಲ್ಲಿ ಹೊರಗಂಬ ಮುಟ್ಟುವುದಿಲ್ಲ, ನಡುವೆ ಇನ್ನೊಂದು ತೆಳುಗಂಬದ ಮೇಲೆ ಕಾಲೂರಿ ದಾಟುತ್ತದೆ. ಆ ನಡುಗಂಬ ತನ್ನ ಕೆಳಗಿನ ಕಂಬದ ಮೇಲೆ ನೆಟ್ಟಗೆ ಕೂತಿಲ್ಲ, ಒಂದು ಪಾಲು ಹೊರಚಾಚಿಕೊಂಡಿದೆ. ಬಿರುಗಾಳಿ ಬೀಸಿದಾಗ ಅಲ್ಲಿ ಕಲ್ಲು ಎಳೆತಕ್ಕೆ ಸಿಕ್ಕುತ್ತದೆ ಎಂದು ಮಾದರಿ ತೋರಿಸಿತು. ಕಲ್ಲುಕಟ್ಟಡ ತಾಳದೆ ಇರುವುದು ಅದೊಂದನ್ನೇ. ಗಾಳಿ ಬೀಸಿದಾಗಲೆಲ್ಲ ಸಣ್ಣ ಬಿರುಕು ತೆರೆದು, ಕಣ್ಣಿಗೆ ಸುಲಭವಾಗಿ ಬೀಳದ ಜಾಗವಾದ್ದರಿಂದ ಯಾರೂ ಗಾರೆ ತುಂಬದೆ, ವರ್ಷವರ್ಷಕ್ಕೂ ಹದಗೆಟ್ಟಿತು ಎನ್ನುವುದು ಅವರ ವಾದ.

ಎರಡರಲ್ಲಿ ಒಂದನ್ನೇ ಆರಿಸಬೇಕು ಎಂದು ನನಗನಿಸುವುದಿಲ್ಲ. ಕುಗ್ಗುವ ಗಾರೆ, ಹೊರಚಾಚಿದ ನಡುಗಂಬ, ಒಂದೊಂದು ಕಂಬಕ್ಕೂ ಹೆಚ್ಚು ಚಾವಣಿ ಹೊರಿಸುವ ಅಗಲದ ಅಂಕಣ ಮೂರೂ ಒಟ್ಟಿಗೇ ಇದ್ದವು. ದುರಸ್ತಿ ಮಾಡಿದ ಮೇಸ್ತ್ರಿಗಳಿಗೆ ಮಾತ್ರ ಗೊಂದಲವಿರಲಿಲ್ಲ. ಅವರು ಚಾವಣಿಯ ಎತ್ತರವನ್ನು ಇಳಿಸಲಿಲ್ಲ. ಎರಡೆರಡು ಕಂಬದ ನಡುವೆ ಹೊಸದೊಂದು ಕಂಬ ನಿಲ್ಲಿಸಿದರು. ಮೂರು ಅಂಕಣ ಆರಾಯಿತು. ಪಕ್ಕೆಗಮಾನುಗಳಿಂದ ನಾಲ್ಕು ಹೋಳಾಗಿದ್ದ ಚಾವಣಿಯ ಬದಲು ಆರು ಹೋಳಿನದು ಬಂತು. ಆ ಕಾಲಕ್ಕೆ ಆರು ಹೋಳಿನ ಚಾವಣಿ ನೂರು ವರ್ಷ ಹಳೆಯ ಫ್ಯಾಷನ್ನು. ಚಂದಕ್ಕಲ್ಲ, ಕಂಬಕ್ಕಾಗಿ ಅದಕ್ಕೆ ಮರಳಿದರು. 14ನೇ ಶತಮಾನದ ಮೊದಲರ್ಧ ಈ ದುರಸ್ತಿಯಲ್ಲೇ ಕಳೆಯಿತು. ಆಮೇಲೆ ಇಂಗ್ಲೆಂಡಿನೊಂದಿಗಿನ ದೀರ್ಘ ಯುದ್ಧ. ಕಟ್ಟಡ ಅರ್ಧಕ್ಕೇ ನಿಂತಿತು.

1500ರಲ್ಲಿ ಮಾರ್ತಾಂ ಶಾಂಬೀಜ್ ಎಂಬ ಹೆಸರಾಂತ ಮೇಸ್ತ್ರಿ ಅಡ್ಡತೋಳುಗಳನ್ನು ಶುರುಮಾಡಿದ. 1532ರಲ್ಲಿ ಅವನು ತೀರಿಕೊಂಡ ಮೇಲೂ ಕೆಲಸ ನಡೆದು 1548ರ ಹೊತ್ತಿಗೆ ಮುಗಿಯಿತು. ಈಗ ಆಗಬೇಕಾದದ್ದು ನೇವ್. ಆದರೆ ಧರ್ಮಗುರುಗಳ ಮಂಡಳಿ ಗೋಪುರವೇ ಮೊದಲಾಗಲಿ ಎಂದಿತು. 1569ಕ್ಕೆ, ತಲೆ ಮತ್ತು ತೋಳುಗಳು ಕೂಡುವ ಚೌಕದ ಮೇಲೆ, ಕಲ್ಲಿನ ಅಂತಸ್ತುಗಳು ಮತ್ತು ಅವುಗಳ ಮೇಲೆ ಮರದ ಶಿಖರ ಸೇರಿ 153 ಮೀಟರ್ ಎತ್ತರದ ಗೋಪುರ ನಿಂತಿತು.

ಈ ಗೋಪುರ ನಿಂತದ್ದು ನಾಲ್ಕು ಕಂಬಗಳ ಮೇಲೆ. ಅವನ್ನು ನಾಲ್ಕು ಕಮಾನುಗಳು ಕೂಡಿಸುತ್ತವೆ. ಪ್ರತಿ ಕಮಾನೂ ತನ್ನೆರಡು ಕಂಬಗಳನ್ನು ಹೊರಕ್ಕೆ ನೂಕುತ್ತದೆ. ಪೂರ್ವಕ್ಕೆ ನೂಕಿದರೆ ಕ್ವೈರ್ ಹಿಡಿಯುತ್ತದೆ, ಉತ್ತರ ದಕ್ಷಿಣಕ್ಕೆ ನೂಕಿದರೆ ತೋಳುಗಳು ಹಿಡಿಯುತ್ತವೆ. ಪಶ್ಚಿಮಕ್ಕೆ ಹಿಡಿಯುವವರು ಯಾರು? ನೇವ್ ಹಿಡಿಯಬೇಕಿತ್ತು, ಅದು ಇರಲೇ ಇಲ್ಲ. 1571ರಲ್ಲಿ ರಾಜನ ಮೇಸ್ತ್ರಿಗಳು ಬಂದು ಅಳೆದು ನೋಡಿದಾಗ ಕಂಬಗಳು ವಾಲಿರುವುದು ಖಚಿತವಾಯಿತು. ನೇವ್‌ನ ಮೊದಲ ಅಂಕಣಗಳನ್ನಾದರೂ ಕಟ್ಟಿ ಕಂಬಗಳಿಗೆ ಆಸರೆ ಕೊಡಿ ಎಂದು ಹೇಳಿಹೋದರು. ಸಲಹೆ ಸರಿಯಾಗಿಯೇ ಇತ್ತು, ಮಂಡಳಿ ಚರ್ಚಿಸುತ್ತಲೇ ಇತ್ತು. 1573ರ ಏಪ್ರಿಲ್ 30, ಯೇಸುವಿನ ಸ್ವರ್ಗಾರೋಹಣದ ಹಬ್ಬ. ಜನರೆಲ್ಲ ಮೆರವಣಿಗೆಯಲ್ಲಿ ಹೊರಗೆ ಹೋದ ಹೊತ್ತಿಗೆ ಗೋಪುರ ಉರುಳಿತು. ಅಳಿದುಳಿದ ಅಪಾಯದ ಭಾಗವನ್ನು ಕೆಡವಲು ಯಾವ ಕೆಲಸಗಾರನೂ ಹತ್ತಲೊಪ್ಪದೆ, ಮರಣದಂಡನೆಯಾದ ಕೈದಿಯೊಬ್ಬನಿಗೆ ಕ್ಷಮಾದಾನದ ಆಸೆ ತೋರಿಸಿ ಹತ್ತಿಸಿದರು ಎಂದು ಊರಿನ ಕಥೆ. ಕಥೆ ಎಂದೇ ತೆಗೆದುಕೊಳ್ಳಿ.

ಮುರಿದ ಚಾವಣಿಗಳನ್ನು ಸರಿಪಡಿಸಿದರು, ನೇವ್‌ನ ಒಂದು ಅಂಕಣಕ್ಕೆ ಕೈ ಹಾಕಿದರು, 1600ರ ಆಸುಪಾಸಿಗೆ ದುಡ್ಡು ಮುಗಿಯಿತು. ಪಶ್ಚಿಮಕ್ಕೆ ತಾತ್ಕಾಲಿಕ ಗೋಡೆ ಎಬ್ಬಿಸಿ ಮುಚ್ಚಿದರು. ನಾನೂರು ವರ್ಷವಾಯಿತು, ಗೋಡೆ ಇನ್ನೂ ತಾತ್ಕಾಲಿಕವೇ.

ಕೊನೆಯದಾಗಿ ಕಬ್ಬಿಣ. ಬೋವೆಯ ಫ್ಲೈಯಿಂಗ್ ಬಟ್ರೆಸ್‌ಗಳ ನಡುವೆ ಅಡ್ಡಡ್ಡಲಾಗಿ ಕಬ್ಬಿಣದ ಸಲಾಕೆಗಳಿವೆ. ಗೋಥಿಕ್ ಎಂದರೆ ಶುದ್ಧ ಕಲ್ಲಿನ ವಿದ್ಯೆ, ಕಬ್ಬಿಣವೆಲ್ಲ ಆಮೇಲಿನವರ ತೇಪೆ ಎಂಬ ನಂಬಿಕೆ ಬಹುಕಾಲ ಇತ್ತು. 1960ರ ದಶಕದಲ್ಲಿ ಕೆಲವನ್ನು ಬಿಚ್ಚಿಯೂ ಬಿಟ್ಟರು. ಗಾಳಿಗೆ ಬಟ್ರೆಸ್‌ಗಳು ಓಲಾಡತೊಡಗಿದವು, ಉಕ್ಕಿನ ಸಲಾಕೆ ತಂದು ಮತ್ತೆ ಬಿಗಿಯಬೇಕಾಯಿತು. ಇತ್ತೀಚೆಗೆ ಫ್ರೆಂಚ್ ಸಂಶೋಧಕರು ಹಳೆಯ ಸಲಾಕೆಗಳ ಕಬ್ಬಿಣದಲ್ಲಿ ಸಿಕ್ಕಿಕೊಂಡ ಇದ್ದಿಲಿನ ಇಂಗಾಲದಿಂದ ಅವುಗಳ ಕಾಲ ನಿರ್ಣಯಿಸಿದರು. ಕೆಲವು ಸಲಾಕೆಗಳು ಮೊದಲ ಕಟ್ಟಡದ ಕಾಲದವೇ ಎಂದು ತಿಳಿದುಬಂತು. ಅಂದರೆ 13ನೇ ಶತಮಾನದ ಮೇಸ್ತ್ರಿಗಳಿಗೆ ತಮ್ಮ ಬಟ್ರೆಸ್‌ಗಳು ಉದ್ದುದ್ದಕ್ಕೆ ಓಲಾಡುತ್ತವೆ ಎಂಬ ಅರಿವಿತ್ತು. ಕಬ್ಬಿಣ ಅವರ ಯೋಜನೆಯ ಭಾಗವೇ ಆಗಿತ್ತು. ಹಳೆಯ ಕಟ್ಟಡದಲ್ಲಿ ಅಂದಗೆಡಿಸುವ ಏನಾದರೂ ಕಂಡರೆ, ಅದು ಏನು ಕೆಲಸ ಮಾಡುತ್ತಿದೆ ಎಂದು ಗೊತ್ತಾಗುವತನಕ ಮುಟ್ಟಬಾರದು.

ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸಿದೆ.

ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೂ ಇದಕ್ಕೂ ಸಂಬಂಧವಿದೆಯೇ ಎಂದು ಒಬ್ಬರು ಕೇಳಿದರು. ದೂರದ ನೆಂಟಸ್ತಿಕೆ ಇದೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಆ ಚರ್ಚಿಗೆ ಜರ್ಮನಿಯ ಕೊಲೋನ್ ಕಥೀಡ್ರಲ್ ಮಾದರಿ. ಕೊಲೋನ್‌ನ ಕ್ವೈರ್ ಶುರುವಾದದ್ದು 1248ರಲ್ಲಿ, ಅದಕ್ಕೆ ಮಾದರಿ ಅಮಿಯಾಂ. ಚಾವಣಿ 43 ಮೀಟರ್. ಬೋವೆಯ ಅಗಲದ ಅಂಕಣಗಳನ್ನು ಕೊಲೋನ್‌ನವರು ಅನುಸರಿಸಲಿಲ್ಲ, ಅವರ ಕ್ವೈರ್ ಬೀಳಲೂ ಇಲ್ಲ. ಕೊಲೋನ್‌ನ ಜೋಡಿ ಗೋಪುರಗಳು 157 ಮೀಟರ್, ಮುಗಿದದ್ದು 1880ರಲ್ಲಿ. ಮೈಸೂರಿನವು 175 ಅಡಿ, ಅದರ ಮೂರನೇ ಒಂದು ಪಾಲು.

ಬೋವೆಗೆ ಹೋದರೆ ಏನು ನೋಡಬೇಕು ಎಂದು ಇನ್ನೊಬ್ಬರು ಕೇಳಿದರು. ಎಲ್ಲರೂ 19ನೇ ಶತಮಾನದ ಖಗೋಳ ಗಡಿಯಾರದ ಮುಂದೆ ಸಾಲುಗಟ್ಟುತ್ತಾರೆ, ನೋಡಿ, ತಪ್ಪೇನಿಲ್ಲ. ಅದಕ್ಕಿಂತ ಮೊದಲು ಕ್ವೈರ್‌ನ ನೇರ ಭಾಗದಲ್ಲಿ ನಿಂತು ಒಂದು ಬಿಟ್ಟು ಒಂದು ಕಂಬವನ್ನು ಹೋಲಿಸಿ. ನಡುನಡುವೆ ತೂರಿಸಿದ ಕಂಬಗಳು ಗೊತ್ತಾಗುತ್ತವೆ. ಅವುಗಳ ಕಮಾನುಗಳು ಎಷ್ಟು ಇಕ್ಕಟ್ಟು ಎಂದರೆ ಮೊನೆ ಈಟಿಯಂತೆ ಕಾಣುತ್ತದೆ. ಆಮೇಲೆ ಹೊರಗೆ ದಕ್ಷಿಣದ ಬದಿಗೆ ಬಂದು ಫ್ಲೈಯಿಂಗ್ ಬಟ್ರೆಸ್‌ಗಳ ನಡುಗಂಬವನ್ನು, ಅವುಗಳ ನಡುವಿನ ಸಲಾಕೆಗಳನ್ನು ಹುಡುಕಿ. ಮತ್ತೆ ಒಳಗೆ ಹೋಗಿ ಉತ್ತರದ ತೋಳಿನತ್ತ ನಡೆದರೆ ನೆಲದಿಂದ ಓರೆಯಾಗಿ ಎದ್ದು ಕಂಬಗಳಿಗೆ ಆನಿಕೊಂಡ ದೈತ್ಯ ಮರದ ತೊಲೆಗಳು ಎದುರಾಗುತ್ತವೆ. 1990ರ ದಶಕದಲ್ಲಿ, ಕಂಬಗಳು ಇನ್ನೂ ಸರಿಯುತ್ತಿವೆ ಎಂಬ ಅನುಮಾನದಿಂದ ನಿಲ್ಲಿಸಿದ ಊರೆಗಳು ಅವು. ಫೋಟೋಕ್ಕೆ ಅಡ್ಡ ಬರುತ್ತವೆ ಎಂದು ಬೈದುಕೊಳ್ಳುವವರೇ ಹೆಚ್ಚು.